ಇಲಿಯ ಬಸಿರು ಹೇಳುವುದೆಷ್ಟು?

ಬಿಳಿ ಇಲಿ ಬಸಿರಾಯಿತೋ ಇಲ್ಲವೋ ಎಂದು ತಿಳಿಯಲು ಪ್ರಯೋಗಾಲಯದವರು ಅದರ ಹೊಟ್ಟೆ ಕಾಣಿಸುವವರೆಗೆ ಕಾಯುವುದಿಲ್ಲ. ಸಂಜೆ ಗಂಡು, ಹೆಣ್ಣನ್ನು ಒಂದೇ ಪಂಜರದಲ್ಲಿ ಬಿಡುತ್ತಾರೆ. ಬೆಳಿಗ್ಗೆ ಹೆಣ್ಣಿನ ಯೋನಿದ್ರವದ ಹನಿಯೊಂದನ್ನು ಗಾಜಿನ ಪಟ್ಟಿಗೆ ಸವರಿ ಸೂಕ್ಷ್ಮದರ್ಶಕದಡಿ ಇಡುತ್ತಾರೆ. ವೀರ್ಯಾಣು ಕಂಡಿತೆಂದರೆ ಅವತ್ತೇ ಬಸಿರಿನ ಸೊನ್ನೆಯ ದಿನ. ಇಲಿಗೆ ದಿನ ತುಂಬಲು ಬೇಕಾದದ್ದು 21ರಿಂದ 22 ದಿನ ಮಾತ್ರ. ಆರನೇ ದಿನದ ಹೊತ್ತಿಗೆ ಭ್ರೂಣ ಗರ್ಭಕೋಶದ ಗೋಡೆಗೆ ಅಂಟಿಕೊಂಡಿರುತ್ತದೆ. ಅಲ್ಲಿಂದ ಹದಿನೈದನೇ ದಿನದೊಳಗೆ ಮಿದುಳು, ಹೃದಯ, ಕಣ್ಣು, ಕೈಕಾಲು ಎಲ್ಲದಕ್ಕೂ ಅಡಿಪಾಯ ಬಿದ್ದಾಗಿರುತ್ತದೆ. ಮನುಷ್ಯರಲ್ಲಿ ಈ ಕೆಲಸ ನಡೆಯುವುದು ಮೂರನೇ ವಾರದಿಂದ ಎಂಟನೇ ವಾರದೊಳಗೆ. ಮುಟ್ಟು ನಿಂತದ್ದನ್ನು ಲೆಕ್ಕ ಹಾಕಿ, ವೈದ್ಯರ ಹತ್ತಿರ ಹೋಗಿ, ಹೌದೆಂದು ಖಚಿತವಾಗುವಷ್ಟರಲ್ಲಿ ಅದರಲ್ಲಿ ಅರ್ಧ ಮುಗಿದೇ ಹೋಗಿರುತ್ತದೆ.

ಹೊಸ ಔಷಧಿ, ಕೀಟನಾಶಕ ಅಥವಾ ಕಾರ್ಖಾನೆಯ ರಾಸಾಯನಿಕ ಬಸಿರಿಗೆ ಕೇಡು ಮಾಡುತ್ತದೆಯೇ ಎಂದು ನೋಡುವ ಪರೀಕ್ಷೆ ಈ ಲೆಕ್ಕದ ಮೇಲೆಯೇ ನಿಂತಿದೆ. ಜಗತ್ತಿನಾದ್ಯಂತ ಒಪ್ಪಿಕೊಂಡಿರುವ ವಿಧಾನವೆಂದರೆ ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಸ್ಥೆಯ, ಅಂದರೆ ಓಇಸಿಡಿಯ, 414ನೇ ಮಾರ್ಗಸೂಚಿ. ಅದು ಬಂದದ್ದು 1981ರಲ್ಲಿ. 2001ರಲ್ಲಿ ಅದನ್ನು ತಿದ್ದಲಾಯಿತು, 2018ರಲ್ಲಿ ಮತ್ತೊಮ್ಮೆ. ಪ್ರತಿ ಗುಂಪಿಗೆ ಸುಮಾರು 20 ಬಸುರಿ ಇಲಿಗಳಂತೆ ನಾಲ್ಕು ಗುಂಪು. ಮೂರು ಗುಂಪಿಗೆ ಕಡಿಮೆ, ಮಧ್ಯಮ, ಹೆಚ್ಚು ಎಂದು ಮೂರು ಪ್ರಮಾಣದಲ್ಲಿ ರಾಸಾಯನಿಕ. ನಾಲ್ಕನೆಯದಕ್ಕೆ ಅದನ್ನು ಕಲಸಲು ಬಳಸುವ ನೀರೋ ಎಣ್ಣೆಯೋ ಅಷ್ಟೇ. ತುದಿ ಉರುಟಾಗಿರುವ ಸ್ಟೀಲ್ ಸೂಜಿಯಿಂದ ದಿನಕ್ಕೊಮ್ಮೆ ನೇರವಾಗಿ ಹೊಟ್ಟೆಗೇ ಬಿಡುತ್ತಾರೆ. ಇಲಿಯ ತೂಕ, ಅದು ತಿಂದ ಮೇವು, ಮಂಕಾಯಿತೇ, ರಕ್ತಸ್ರಾವವಾಯಿತೇ, ಎಲ್ಲವನ್ನೂ ಬರೆದಿಡುತ್ತಾರೆ. ಇದೇ ಪರೀಕ್ಷೆಯನ್ನು ಮೊಲದಂಥ ಇನ್ನೊಂದು ಪ್ರಾಣಿಯಲ್ಲೂ ಮಾಡಬೇಕಾಗುತ್ತದೆ. ಮೊಲವೇ ಏಕೆ ಎಂಬುದಕ್ಕೆ ಆಮೇಲೆ ಬರುತ್ತೇನೆ.

ಹೆರಿಗೆಯಾಗಲು ಮಾತ್ರ ಬಿಡುವುದಿಲ್ಲ. ಇಲಿಯಲ್ಲಿ 20ನೇ ದಿನದ ಸುಮಾರಿಗೆ, ಅಂದರೆ ಹೆರುವುದಕ್ಕೆ ಒಂದೆರಡು ದಿನ ಮೊದಲೇ, ತಾಯಿಯನ್ನು ಕೊಂದು ಗರ್ಭಕೋಶ ತೆಗೆಯುತ್ತಾರೆ. ಕಾರಣ ಕೇಳಲು ಕಠೋರವಾಗಿದೆ: ಊನವಿರುವ ಮರಿಯನ್ನು, ಸತ್ತು ಹುಟ್ಟಿದ ಮರಿಯನ್ನು ತಾಯಿ ಇಲಿ ತಿಂದುಬಿಡುತ್ತದೆ. ಹೆರಿಗೆಗೆ ಬಿಟ್ಟರೆ ಯಾವುದನ್ನು ಹುಡುಕುತ್ತಿದ್ದೇವೋ ಅದೇ ಬೆಳಗಾಗುವಷ್ಟರಲ್ಲಿ ಮಾಯವಾಗಿರುತ್ತದೆ.

ಆಮೇಲೆ ಎಣಿಕೆ. ಎಷ್ಟು ಅಂಡ ಬಿಡುಗಡೆಯಾಗಿತ್ತೆಂದು ಅಂಡಾಶಯದ ಮೇಲಿನ ಹಳದಿ ಗಂಟುಗಳು ಹೇಳುತ್ತವೆ. ಎಷ್ಟು ಭ್ರೂಣ ನೆಲೆಯೂರಿತ್ತೆಂದು ಗರ್ಭಕೋಶದ ಗೋಡೆಯ ಗುರುತುಗಳು ಹೇಳುತ್ತವೆ. ಎರಡರ ನಡುವಿನ ವ್ಯತ್ಯಾಸವೆಂದರೆ ಬಸಿರು ನಿಲ್ಲುವ ಮೊದಲೇ ಕಳೆದುಹೋದವು. ನೆಲೆಯೂರಿದ ಮೇಲೆ ಕರಗಿಹೋದವುಗಳ ಲೆಕ್ಕ ಬೇರೆ. ಉಳಿದ ಪ್ರತಿ ಮರಿಯನ್ನೂ ತೂಗಿ, ಗಂಡೋ ಹೆಣ್ಣೋ ನೋಡಿ, ಬೆರಳು, ಬಾಲ, ಬಾಯಿಯೊಳಗಿನ ಅಂಗಳ ಎಲ್ಲವನ್ನೂ ಪರೀಕ್ಷಿಸುತ್ತಾರೆ. ಪ್ರತಿ ತಾಯಿಯ ಮರಿಗಳಲ್ಲಿ ಅರ್ಧದಷ್ಟು ಒಳಾಂಗಗಳ ಪರೀಕ್ಷೆಗೆ ಹೋಗುತ್ತವೆ, ಉಳಿದರ್ಧ ಮೂಳೆಯ ಪರೀಕ್ಷೆಗೆ. ಮೂಳೆಗೆಂದು ಇಟ್ಟ ಮರಿಯ ಮಾಂಸವನ್ನು ಕ್ಷಾರದಲ್ಲಿ ಪಾರದರ್ಶಕವಾಗುವಂತೆ ಮಾಡಿ ಅಲಿಜರಿನ್ ಎಂಬ ಕೆಂಪು ಬಣ್ಣ ಏರಿಸುತ್ತಾರೆ. ಗ್ಲಿಸರಿನ್ ತುಂಬಿದ ಪುಟ್ಟ ಸೀಸೆಯಲ್ಲಿ ಮರಿಯ ದೇಹವೆಲ್ಲ ಗಾಜಿನಂತಾಗಿ, ಒಳಗೆ ಕೂದಲೆಳೆಯಷ್ಟು ತೆಳ್ಳನೆಯ ಪಕ್ಕೆಲುಬುಗಳು, ಅಕ್ಕಿನುಚ್ಚಿನಷ್ಟು ಸಣ್ಣ ಬೆನ್ನೆಲುಬಿನ ಬಿಲ್ಲೆಗಳು ಕೆಂಪಗೆ ಎದ್ದು ಕಾಣುತ್ತವೆ. ನುರಿತ ಕಣ್ಣು ಅವನ್ನು ಒಂದೊಂದಾಗಿ ಎಣಿಸುತ್ತದೆ. ಇಲಿಗೆ ಹದಿಮೂರು ಜೊತೆ ಪಕ್ಕೆಲುಬು. ಹದಿನಾಲ್ಕನೆಯದು ಚೂರು ಮೊಳೆತಿದ್ದರೆ? ಪಕ್ಕೆಲುಬು ಅಲೆಯಂತೆ ಬಾಗಿದ್ದರೆ? ಅದು ಊನವೋ, ಮರಿಯಿಂದ ಮರಿಗೆ ಸಹಜವಾಗಿ ಇರುವ ಸಣ್ಣ ವ್ಯತ್ಯಾಸವೋ? ವರದಿಗಳ ಜಗಳವೆಲ್ಲ ಇರುವುದು ಇಲ್ಲಿ. ಏನನ್ನೂ ಕೊಡದ ಗುಂಪಿನಲ್ಲೂ ಒಂದೆರಡು ಮರಿ ಊನದಿಂದಿರುವುದುಂಟು. ಅದಕ್ಕೇ ಆ ಪ್ರಯೋಗಾಲಯದಲ್ಲಿ ಹಿಂದೆ ನಡೆದ ಪರೀಕ್ಷೆಗಳ ಸಾಮಾನ್ಯ ಗುಂಪುಗಳ ದಾಖಲೆಯನ್ನೂ ಪಕ್ಕದಲ್ಲಿಟ್ಟು ತಾಳೆ ನೋಡುತ್ತಾರೆ. ತಾಯಿಗೆ ಹನ್ನೆರಡು ಮರಿ ಎಂದು ಹಿಡಿದರೂ ಒಂದೇ ಪರೀಕ್ಷೆಯಲ್ಲಿ ಸಾವಿರದ ಹತ್ತಿರ ಮರಿಗಳು ಈ ಮೇಜನ್ನು ದಾಟುತ್ತವೆ.

ಇಂಥ ಕೆಲಸ ನಮ್ಮಲ್ಲೂ ನಡೆಯುತ್ತದೆ. ಬೆಂಗಳೂರು, ಮೈಸೂರು, ಹೈದರಾಬಾದುಗಳಲ್ಲಿ ವಿಷಪರೀಕ್ಷೆಯ ಖಾಸಗಿ ಪ್ರಯೋಗಾಲಯಗಳಿವೆ. 2011ರಲ್ಲಿ ಭಾರತ ಓಇಸಿಡಿಯ ಪರಸ್ಪರ ಮಾನ್ಯತೆಯ ವ್ಯವಸ್ಥೆಯನ್ನು ಸೇರಿದ ಮೇಲೆ, ನಿಯಮಬದ್ಧವಾಗಿ ಇಲ್ಲಿ ಮಾಡಿದ ಪರೀಕ್ಷೆಯನ್ನು ಯುರೋಪಿನ ಅಧಿಕಾರಿಗಳೂ ಒಪ್ಪಬೇಕು. ಅಷ್ಟು ಜೀವ ತೆಗೆಯುವುದು ಸರಿಯೇ ಎಂದು ಕೇಳುವವರನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಈ ಪರೀಕ್ಷೆ ಇಲ್ಲದಿದ್ದ ಕಾಲ ಹೇಗಿತ್ತೆಂದು ನೋಡದೆ ಆ ಪ್ರಶ್ನೆಗೆ ಉತ್ತರ ಹೇಳಲಾಗದು.

1957ರ ಅಕ್ಟೋಬರ್ 1ರಂದು ಪಶ್ಚಿಮ ಜರ್ಮನಿಯಲ್ಲಿ ಗ್ರುನೆಂಥಾಲ್ ಕಂಪನಿ ಕಾಂಟರ್‌ಗಾನ್ ಎಂಬ ನಿದ್ರೆಮಾತ್ರೆಯನ್ನು ಮಾರುಕಟ್ಟೆಗೆ ಬಿಟ್ಟಿತು. ಅದರೊಳಗಿನ ರಾಸಾಯನಿಕ ಥಾಲಿಡೊಮೈಡ್. ಎಷ್ಟು ಕೊಟ್ಟರೂ ಪ್ರಯೋಗದ ಇಲಿಗಳು ಸಾಯದಿದ್ದುದೇ ಅದರ ಹೆಗ್ಗಳಿಕೆ. ವೈದ್ಯರ ಚೀಟಿ ಇಲ್ಲದೆಯೂ ಸಿಗುತ್ತಿತ್ತು. ಬಸಿರಿನ ಮೊದಲ ತಿಂಗಳುಗಳ ವಾಕರಿಕೆಗೂ ಒಳ್ಳೆಯದೆಂದು ಅನೇಕ ದೇಶಗಳಲ್ಲಿ ಹೆಂಗಸರು ನುಂಗಿದರು. ಕೈಕಾಲು ಬೆಳೆಯದ, ಭುಜಕ್ಕೇ ಬೆರಳು ಅಂಟಿಕೊಂಡ ಮಕ್ಕಳು ಹುಟ್ಟತೊಡಗಿದರು. ಜರ್ಮನಿಯ ವಿಡುಕಿಂಡ್ ಲೆನ್ಜ್ ಮತ್ತು ಆಸ್ಟ್ರೇಲಿಯದ ವಿಲಿಯಂ ಮೆಕ್‌ಬ್ರೈಡ್ ಎಂಬ ಇಬ್ಬರು ವೈದ್ಯರು ಬೇರೆ ಬೇರೆಯಾಗಿ ಈ ಮಾತ್ರೆಯ ಕಡೆ ಬೆರಳು ತೋರಿದರು. 1961ರ ನವೆಂಬರ್ ಕೊನೆಯಲ್ಲಿ ಕಂಪನಿ ಅದನ್ನು ವಾಪಸು ಪಡೆಯಿತು. ಅಷ್ಟರಲ್ಲಿ ಸುಮಾರು ಹತ್ತು ಸಾವಿರ ಮಕ್ಕಳು ಹಾನಿಗೀಡಾಗಿದ್ದರು. ತೀರಾ ಸೂಕ್ಷ್ಮವಾದ ಆ ಕೆಲವೇ ದಿನಗಳಲ್ಲಿ ಒಂದೇ ಒಂದು ಮಾತ್ರೆ ಸಾಕಾಗಿತ್ತು.

ಅಮೆರಿಕದಲ್ಲಿ ಆಗ ಅದು ಮಾರಾಟಕ್ಕೆ ಬರಲಿಲ್ಲ. ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆಗೆ 1960ರಲ್ಲಿ ಹೊಸದಾಗಿ ಸೇರಿದ್ದ ಫ್ರಾನ್ಸಿಸ್ ಕೆಲ್ಸಿಯವರ ಮೇಜಿಗೆ ಅರ್ಜಿ ಬಂತು. ಅದನ್ನು ಅಲ್ಲಿ ಮಾರಲು ಹೊರಟಿದ್ದ ಕಂಪನಿ ಎಷ್ಟೇ ಅವಸರ ಮಾಡಿದರೂ ಅವರು ಸಹಿ ಹಾಕಲಿಲ್ಲ. ನರಗಳಿಗೆ ತೊಂದರೆಯಾಗುವ ಸುದ್ದಿ ಬಂದ ಮೇಲಂತೂ, ಬಸುರಿಯರಲ್ಲಿ ಇದು ಸುರಕ್ಷಿತ ಎನ್ನುವುದಕ್ಕೆ ಪುರಾವೆ ಎಲ್ಲಿ ಎಂದು ಕೇಳಿದರು. ಕಂಪನಿಯ ಬಳಿ ಇರಲಿಲ್ಲ.

ಬಸುರಿ ಪ್ರಾಣಿಯ ಮೇಲೆ ಪರೀಕ್ಷಿಸಬಹುದೆಂದು ಆಗ ಯಾರಿಗೂ ತಿಳಿದಿರಲಿಲ್ಲ ಎನ್ನುವ ಸಮಜಾಯಿಷಿ ಇವತ್ತಿಗೂ ಕೇಳಿಬರುತ್ತದೆ. ಅದು ನಿಲ್ಲುವ ಮಾತಲ್ಲ. 1933ರಲ್ಲೇ ಟೆಕ್ಸಸಿನ ಫ್ರೆಡ್ ಹೇಲ್, ಎ ಜೀವಸತ್ವವಿಲ್ಲದ ಮೇವು ತಿಂದ ಹಂದಿ ಕಣ್ಣೇ ಇಲ್ಲದ ಮರಿಗಳನ್ನು ಈದದ್ದನ್ನು ವರದಿ ಮಾಡಿದ್ದರು. 1940ರ ದಶಕದಲ್ಲಿ ಜೋಸೆಫ್ ವಾರ್ಕಾನಿ ಇಲಿಗಳಲ್ಲಿ ಇಂಥದ್ದನ್ನೇ ತೋರಿಸಿದ್ದರು. ದಾರಿ ಗೊತ್ತಿತ್ತು, ಆ ದಾರಿಯಲ್ಲೇ ಹೋಗಬೇಕೆಂಬ ಕಾನೂನು ಇರಲಿಲ್ಲ. 1962ರಲ್ಲಿ ಅಮೆರಿಕ ಔಷಧ ಕಾನೂನನ್ನು ಬಿಗಿ ಮಾಡಿತು. 1966ರಲ್ಲಿ ಗರ್ಭಧಾರಣೆ, ಅಂಗಾಂಗ ರಚನೆ, ಹೆರಿಗೆ ಮತ್ತು ಹಾಲೂಡಿಕೆ ಎಂದು ಮೂರು ಹಂತದ ಪರೀಕ್ಷೆಯನ್ನು ಗೊತ್ತುಪಡಿಸಿತು. ಇಂದಿನ ಎಲ್ಲ ಮಾರ್ಗಸೂಚಿಗಳ ಮೂಲ ಅದು.

ಕಾನೂನಿದ್ದು, ಆಗಲೇ ಥಾಲಿಡೊಮೈಡನ್ನು ಬಸುರಿ ಇಲಿಗೆ ಕೊಟ್ಟು ನೋಡಿದ್ದರೆ ಏನಾಗುತ್ತಿತ್ತು? ಹೆಚ್ಚಿನಂಶ ಏನೂ ಆಗುತ್ತಿರಲಿಲ್ಲ. ಇಲಿಗೆ ಬೇಕಾದಷ್ಟು ಕೊಟ್ಟರೂ ಮರಿಗಳ ಕೈಕಾಲು ಸರಿಯಾಗಿಯೇ ಬೆಳೆಯುತ್ತವೆ. 1962ರಲ್ಲಿ ನ್ಯೂಜಿಲೆಂಡ್ ಬಿಳಿ ಮೊಲಗಳಿಗೆ ಕೊಟ್ಟಾಗಲೇ ಮನುಷ್ಯರ ಮಕ್ಕಳಲ್ಲಿ ಕಂಡಂಥ ಊನ ಕಾಣಿಸಿಕೊಂಡದ್ದು. ಮೊಲ ಕಡ್ಡಾಯದ ಎರಡನೇ ಪ್ರಾಣಿಯಾಗಿ ಉಳಿದದ್ದು ಹೀಗೆ. ಇಲಿ ಏಕೆ ಪಾರಾಯಿತು ಎಂಬುದರ ಕೀಲು ಸಿಗಲು ಅರ್ಧ ಶತಮಾನ ಹಿಡಿಯಿತು. ಥಾಲಿಡೊಮೈಡ್ ಹೋಗಿ ಕಚ್ಚಿಕೊಳ್ಳುವುದು ಸೆರೆಬ್ಲಾನ್ ಎಂಬ ಪ್ರೊಟೀನಿಗೆ ಎಂದು 2010ರಲ್ಲಿ ಜಪಾನಿನ ಸಂಶೋಧಕರು ಕಂಡುಹಿಡಿದರು. ನಮ್ಮ ಸೆರೆಬ್ಲಾನಿಗೂ ಇಲಿಯ ಜಾತಿಯ ಪ್ರಾಣಿಗಳದ್ದಕ್ಕೂ ಆಯಕಟ್ಟಿನ ಜಾಗದಲ್ಲಿರುವ ಒಂದು ಅಮೈನೊ ಆಮ್ಲ ಬೇರೆ. ಇಲಿ ಪಾರಾಗಲು ಅಷ್ಟು ವ್ಯತ್ಯಾಸ ದೊಡ್ಡ ಕಾರಣವಾಯಿತು.

ತದ್ವಿರುದ್ಧವೂ ಉಂಟು. ಆಸ್ಪಿರಿನ್ ಹೆಚ್ಚು ಪ್ರಮಾಣದಲ್ಲಿ ಇಲಿಮರಿಗಳಿಗೆ ಊನ ತರುತ್ತದೆ, ಆದರೆ ಮನುಷ್ಯರಲ್ಲಿ ಅದು ಅಂಥ ದೊಡ್ಡ ಊನಕಾರಕವೆಂದು ಕಂಡುಬಂದಿಲ್ಲ. ಹಾಗೆಂದು ಪ್ರಾಣಿಗಳ ಮಾತಿಗೆ ಬೆಲೆಯೇ ಇಲ್ಲವೆಂದು ಕೈಕೊಡವಲೂ ಆಗದು. ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್ 1982ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬರುವ ಮೊದಲೇ ಪ್ರಾಣಿಗಳು ಸ್ಪಷ್ಟ ಎಚ್ಚರಿಕೆ ಕೊಟ್ಟಿದ್ದವು. ಡಬ್ಬಿಯ ಮೇಲೆ ಆ ಎಚ್ಚರಿಕೆ ಇತ್ತು. ಆದರೂ ಬಸುರಿಯರು ನುಂಗಿದರು, ಕಿವಿ, ಹೃದಯ, ಮಿದುಳಿನ ತೊಂದರೆಯ ಮಕ್ಕಳು ಹುಟ್ಟಿದರು. ಅಲ್ಲಿ ಸೋತದ್ದು ಪರೀಕ್ಷೆಯಲ್ಲ.

ಕೇಳಿದಷ್ಟಕ್ಕೇ ಉತ್ತರ ಕೊಡುವುದು ಈ ಪರೀಕ್ಷೆಯ ಸ್ವಭಾವ. ಯಾವ ಪ್ರಾಣಿ, ಯಾವ ದಿನಗಳು, ಎಷ್ಟು ಪ್ರಮಾಣ, ಬಾಯಿಯಿಂದಲೋ ಉಸಿರಿನಿಂದಲೋ, ಮರಿಯಲ್ಲಿ ಏನನ್ನು ನೋಡಿದಿರಿ ಎಂಬುದನ್ನು ಬಿಟ್ಟು ‘ಸುರಕ್ಷಿತ’ ಎಂಬ ಮಾತೊಂದನ್ನೇ ಎತ್ತಿಕೊಂಡು ಬಂದರೆ ಏನಾಗುತ್ತದೆ ಎನ್ನುವುದಕ್ಕೆ ಕನ್ನಡಿಗರು ದೂರ ಹೋಗಬೇಕಿಲ್ಲ. ಕಾಸರಗೋಡಿನ ಎಣ್ಮಕಜೆ, ಪಡ್ರೆಯ ಕಡೆ ನೋಡಿದರೆ ಸಾಕು.

ಅಲ್ಲಿನ ಗುಡ್ಡಗಳ ಮೇಲೆ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳು, ಕೆಳಗೆ ಕಣಿವೆಯಲ್ಲಿ ಮನೆ, ಬಾವಿ, ಸುರಂಗ, ತೋಡು. ಗೇರಿಗೆ ಕಾಟ ಕೊಡುವ ಟೀ ಸೊಳ್ಳೆ ಎಂಬ ಕೀಟಕ್ಕೆಂದು 1970ರ ದಶಕದ ಕೊನೆಯಿಂದ 2000ದವರೆಗೆ ವರ್ಷಕ್ಕೆ ಎರಡು ಮೂರು ಸಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಯಲಾಯಿತು. ಊರಿನ ವೈದ್ಯ ಡಾ. ವೈ.ಎಸ್. ಮೋಹನಕುಮಾರ್, ಪತ್ರಕರ್ತ ಶ್ರೀಪಡ್ರೆಯಂಥವರು ಊರಿನ ಕಾಯಿಲೆಗಳ ಬಗ್ಗೆ ಬರೆದರು, ಮಾತಾಡಿದರು. ಇತ್ತ ದಕ್ಷಿಣ ಕನ್ನಡದ ಬೆಳ್ತಂಗಡಿ, ಪುತ್ತೂರು ತಾಲೂಕುಗಳ ಗೇರು ತೋಟಗಳಲ್ಲೂ ಸಿಂಪಡಣೆ ನಡೆದಿತ್ತು. ಕೊಕ್ಕಡದ ಸುತ್ತಲಿನ ಮನೆಗಳಲ್ಲಿ ಎದ್ದು ಕೂರಲಾಗದ ಮಕ್ಕಳನ್ನು ಇವತ್ತಿಗೂ ತಾಯಂದಿರು ಎತ್ತಿ ಆಡಿಸುತ್ತಿದ್ದಾರೆ. ಆ ‘ಮಕ್ಕಳಿಗೆ’ ಈಗ ಮೂವತ್ತು, ನಲವತ್ತು ವರ್ಷ.

ಎಂಡೋಸಲ್ಫಾನಿಗೆ ಬಸುರಿ ಪ್ರಾಣಿಗಳ ಪರೀಕ್ಷೆ ಆಗಿತ್ತೇ? ಆಗಿತ್ತು. ತಾಯಿಗೇ ವಿಷವಾಗದಷ್ಟು ಪ್ರಮಾಣದಲ್ಲಿ ಕೊಟ್ಟಾಗ ಇಲಿ, ಮೊಲಗಳ ಮರಿಗಳಲ್ಲಿ ಹೇಳಿಕೊಳ್ಳುವಂಥ ಊನ ಕಾಣಲಿಲ್ಲ ಎಂಬುದೇ ಆ ವರದಿಗಳ ಸಾರ. ಪ್ರಾಣಿಗಳಿಗೆ ತೊಂದರೆ ಕಾಣದ ಪ್ರಮಾಣ ದಿನಕ್ಕೆ ದೇಹತೂಕದ ಕಿಲೋಗೆ 0.6 ಮಿಲಿಗ್ರಾಂ ಎಂದು ಅಂತರರಾಷ್ಟ್ರೀಯ ತಜ್ಞರ ಸಮಿತಿ ತೆಗೆದುಕೊಂಡಿತು. ಇಲಿಗಿಂತ ಮನುಷ್ಯ ಹತ್ತು ಪಟ್ಟು ಸೂಕ್ಷ್ಮವಿರಬಹುದು, ಮನುಷ್ಯರಲ್ಲೂ ಕೆಲವರು ಉಳಿದವರಿಗಿಂತ ಹತ್ತು ಪಟ್ಟು ಸೂಕ್ಷ್ಮವಿರಬಹುದು ಎಂದು ಅದನ್ನು ನೂರರಿಂದ ಭಾಗಿಸಿ 0.006 ಮಿಲಿಗ್ರಾಂ ಎಂದು ಮಿತಿ ಹಾಕಿತು. ಐವತ್ತು ಕಿಲೋ ತೂಕದ ಹೆಂಗಸಿಗೆ ದಿನಕ್ಕೆ 0.3 ಮಿಲಿಗ್ರಾಂ. ಗಣಿತ ಸರಿಯಾಗಿಯೇ ಇದೆ. ಆದರೆ ಅದು ಊಟದಲ್ಲಿ ಉಳಿಯುವ ಅಂಶಕ್ಕೆಂದು ಹಾಕಿದ ಲೆಕ್ಕ. ಮುಚ್ಚಳವಿಲ್ಲದ ಬಾವಿಯ ಮೇಲೆ, ಅಂಗಳದಲ್ಲಿ ಒಣಹಾಕಿದ ಬಟ್ಟೆಯ ಮೇಲೆ ಆಕಾಶದಿಂದ ಬಿದ್ದದ್ದನ್ನು ಯಾರೂ ತೂಗಿರಲಿಲ್ಲ.

ಇನ್ನೊಂದು ಕೊರತೆ ಇದಕ್ಕಿಂತ ಸೂಕ್ಷ್ಮ. 20ನೇ ದಿನಕ್ಕೆ ಕತ್ತರಿಸಿ ನೋಡುವ ಪರೀಕ್ಷೆಯಲ್ಲಿ ಮೂಳೆ ಕಾಣುತ್ತದೆ, ಸೀಳಂಗಳ ಕಾಣುತ್ತದೆ. ಆ ಮರಿ ಬದುಕಿ ಬೆಳೆದು ಪ್ರಾಯಕ್ಕೆ ಬರುವಾಗ ಅದರ ಹಾರ್ಮೋನು ಹೇಗಿರುತ್ತದೆ, ಕಲಿಕೆ ಹೇಗಿರುತ್ತದೆ ಎಂಬುದು ಕಾಣುವುದಿಲ್ಲ. 1990ರ ದಶಕದಲ್ಲಿ ಭಾರತದ ಸಂಶೋಧಕರೇ ಬೆಳೆಯುವ ಇಲಿಗಳಿಗೆ ಎಂಡೋಸಲ್ಫಾನ್ ಕೊಟ್ಟು ಅವುಗಳ ವೃಷಣಕ್ಕೆ ಹಾನಿಯಾದದ್ದನ್ನು ತೋರಿಸಿದ್ದರು. ಆಮೇಲೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಪಡ್ರೆಯ ಕಡೆಯ ಶಾಲೆಯ 117 ಹುಡುಗರನ್ನು, ಸಿಂಪಡಣೆ ಇಲ್ಲದ ಊರಿನ 90 ಹುಡುಗರೊಂದಿಗೆ ಹೋಲಿಸಿ ನೋಡಿದರು. 2003ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಪಡ್ರೆಯ ಹುಡುಗರ ರಕ್ತದಲ್ಲಿ ಎಂಡೋಸಲ್ಫಾನ್ ಹೆಚ್ಚಿತ್ತು, ಪ್ರಾಯಕ್ಕೆ ಬರುವುದು ತಡವಾಗಿತ್ತು, ಹಾರ್ಮೋನುಗಳಲ್ಲಿ ಏರುಪೇರಿತ್ತು. ಅಂದರೆ ಸರಿಯಾದ ವಯಸ್ಸಿನಲ್ಲಿ, ಸರಿಯಾದ ಜಾಗದಲ್ಲಿ ನೋಡಿದವರಿಗೆ ಇಲಿಯಲ್ಲೂ ಕಂಡಿತು, ಹುಡುಗರಲ್ಲೂ ಕಂಡಿತು. ಆ ಸೀಮೆಯ ಎಲ್ಲ ಕಾಯಿಲೆಗೂ ಎಂಡೋಸಲ್ಫಾನೇ ಕಾರಣ ಎಂಬುದನ್ನು ಎಲ್ಲ ವಿಜ್ಞಾನಿಗಳು ಒಪ್ಪಿಲ್ಲ, ಅಧ್ಯಯನಗಳ ಬಗ್ಗೆ ತಕರಾರು ಇದೆ. ಇರಲಿ. ಅನುಮಾನದ ಲಾಭವನ್ನು ಮೂರು ದಶಕ ರಾಸಾಯನಿಕಕ್ಕೆ ಕೊಟ್ಟು ಹೆಂಗಸರಿಗೆ ಕೊಡದಿದ್ದುದು ಯಾವ ನ್ಯಾಯ ಎಂಬುದಷ್ಟೇ ನನ್ನ ತಕರಾರು. 2011ರ ಏಪ್ರಿಲಿನಲ್ಲಿ, ಪರಿಸರದಲ್ಲಿ ಬಹುಕಾಲ ಉಳಿಯುವ ವಿಷವಸ್ತುಗಳ ಕುರಿತ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ಅದನ್ನು ನಿಷೇಧದ ಪಟ್ಟಿಗೆ ಸೇರಿಸಿದವು. ಮೇ 13ರಂದು ಸುಪ್ರೀಂ ಕೋರ್ಟು ದೇಶಾದ್ಯಂತ ಅದರ ತಯಾರಿಕೆ, ಮಾರಾಟ, ಬಳಕೆಯನ್ನು ತಡೆಯಿತು.

ಪರೀಕ್ಷೆಯ ಕ್ರಮವೂ ಈ ನಡುವೆ ಹಿಗ್ಗಿದೆ. 2007ರಲ್ಲಿ ಬಂದ 426ನೇ ಮಾರ್ಗಸೂಚಿ ಮರಿಗಳು ಬೆಳೆದ ಮೇಲೆ ಅವುಗಳ ಓಡಾಟ, ಕಲಿಕೆ, ನೆನಪುಗಳನ್ನು ನೋಡುತ್ತದೆ. 2011ರ 443ನೆಯದು ಮರಿಗಳು ಪ್ರಾಯಕ್ಕೆ ಬರುವವರೆಗೂ ಹಿಂಬಾಲಿಸುತ್ತದೆ. ಹಳೆಯ 414ಕ್ಕೂ 2018ರಲ್ಲಿ ಥೈರಾಯ್ಡ್ ಹಾರ್ಮೋನಿನ ಅಳತೆ ಸೇರಿತು. ಜೀಬ್ರಾ ಮೀನಿನ ಭ್ರೂಣ, ಗಾಜಿನ ತಟ್ಟೆಯಲ್ಲಿ ಬೆಳೆಸಿದ ಆಕರ ಕೋಶಗಳು ಮೊದಲ ಜರಡಿಯಾಗಿ ಬಳಕೆಗೆ ಬರುತ್ತಿವೆ. 2023ರಲ್ಲಿ ನಮ್ಮ ಔಷಧ ಪರೀಕ್ಷಾ ನಿಯಮಗಳಲ್ಲೂ ಪ್ರಾಣಿಯೇತರ ವಿಧಾನಗಳಿಗೆ ಜಾಗ ಸಿಕ್ಕಿತು. ಇವು ಇಲಿ, ಮೊಲಗಳ ಸಂಖ್ಯೆಯನ್ನು ತಗ್ಗಿಸಿಯಾವು. ತಾಯಿ, ಮಾಸು, ಮಗು ಮೂರೂ ಇರುವ ಇಡೀ ದೇಹದ ಜಾಗವನ್ನು ಸದ್ಯಕ್ಕೆ ಅವು ತುಂಬಲಾರವು.

ಹೊಲದಲ್ಲಿ ದುಡಿಯುವವಳಿಗೆ ಇದರಲ್ಲಿ ಎಷ್ಟು ತಲುಪುತ್ತದೆ ಎಂಬುದು ಬೇರೆ ಮಾತು. ಕಾರ್ಬೆಂಡಜಿಂ ಎಂಬ ಶಿಲೀಂಧ್ರನಾಶಕವನ್ನೇ ನೋಡಿ. ಶೇಂಗಾ ಬೀಜೋಪಚಾರಕ್ಕೆ, ದ್ರಾಕ್ಷಿಗೆ, ತರಕಾರಿಗೆ ಬಳಸುತ್ತಾರೆ. ಬೀಜಕ್ಕೆ ಪುಡಿ ಕಲಸುವವರಲ್ಲಿ, ಕೂರಿಗೆಯ ಹಿಂದೆ ಬೀಜ ಬಿಡುವವರಲ್ಲಿ ಹೆಂಗಸರೇ ಹೆಚ್ಚು. ಇಲಿಗೆ ಕಿಲೋಗೆ 5000 ಮಿಲಿಗ್ರಾಂ ತಿನ್ನಿಸಿದರೂ ಸಾಯದಷ್ಟು ಸೌಮ್ಯ ಅದು. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ತಕ್ಷಣದ ಅಪಾಯ ತೀರಾ ಕಡಿಮೆ ಇರುವ ಗುಂಪಿನಲ್ಲಿದೆ. ಆದರೆ ಅದು ಕೆಲಸ ಮಾಡುವುದು ಕೋಶ ಎರಡಾಗಿ ಒಡೆಯುವುದನ್ನು ತಡೆದು. ಭ್ರೂಣವೆಂದರೆ ಎಡೆಬಿಡದೆ ಒಡೆಯುತ್ತಿರುವ ಕೋಶಗಳ ಮುದ್ದೆಯೇ. ಬಸುರಿ ಇಲಿಯ ಹೊಟ್ಟೆಗೆ ಬಿಟ್ಟಾಗ ಮರಿಗಳ ತಲೆಯಲ್ಲಿ ನೀರು ತುಂಬಿದ್ದು, ಕಣ್ಣು ಕುಗ್ಗಿದ್ದು ಕಂಡುಬಂತು. ಯುರೋಪು ಅದನ್ನು ಗರ್ಭಸ್ಥ ಶಿಶುವಿಗೆ ಹಾನಿ ಮಾಡಬಲ್ಲ ವಸ್ತುಗಳ ಮೇಲಿನ ವರ್ಗಕ್ಕೆ ಸೇರಿಸಿದೆ. 2020ರ ಮೇ ತಿಂಗಳಲ್ಲಿ ನಮ್ಮ ಕೇಂದ್ರ ಸರ್ಕಾರ ನಿಷೇಧಿಸಲು ಹೊರಟಿದ್ದ 27 ಕೀಟನಾಶಕಗಳ ಕರಡು ಪಟ್ಟಿಯಲ್ಲೂ ಅದರ ಹೆಸರಿತ್ತು.

ಕೀಟನಾಶಕದ ಪೊಟ್ಟಣದ ಮೇಲೆ ಕೆಂಪು, ಹಳದಿ, ನೀಲಿ, ಹಸಿರು ತ್ರಿಕೋನವಿರುತ್ತದಲ್ಲ, ಅದನ್ನು ನೋಡಿಯೇ ರೈತರು ಅಪಾಯ ಅಳೆಯುತ್ತಾರೆ. 1971ರ ಕೀಟನಾಶಕ ನಿಯಮಗಳ ಪ್ರಕಾರ ಆ ಬಣ್ಣ ನಿರ್ಧಾರವಾಗುವುದು ಎಷ್ಟು ಕೊಟ್ಟರೆ ಅರ್ಧದಷ್ಟು ಪ್ರಾಣಿಗಳು ಸಾಯುತ್ತವೆ ಎಂಬ ಒಂದೇ ಅಳತೆಯಿಂದ. ಕಿಲೋಗೆ 50 ಮಿಲಿಗ್ರಾಂ ಒಳಗೆ ಸತ್ತರೆ ಕೆಂಪು, 5000 ದಾಟಿದರೆ ಹಸಿರು. ಬಸಿರಿನ ಪರೀಕ್ಷೆಯಲ್ಲಿ ಏನು ಕಂಡಿತೆಂಬುದಕ್ಕೂ ಆ ಬಣ್ಣಕ್ಕೂ ಸಂಬಂಧವಿಲ್ಲ. ಥಾಲಿಡೊಮೈಡನ್ನು ಈ ಅಳತೆಯಲ್ಲಿ ತೂಗಿದ್ದರೂ ಅದು ಕೆಂಪಿನ ಹತ್ತಿರ ಸುಳಿಯುತ್ತಿರಲಿಲ್ಲ. ಬಸುರಿಯರಿಗೆ ಹಾನಿಯೆಂದು ಪ್ರಾಣಿಗಳಲ್ಲಿ ಸಾಬೀತಾದ ಪೊಟ್ಟಣದ ಮೇಲೆ ಅದನ್ನು ಚಿತ್ರದ ಸಮೇತ, ಕನ್ನಡದಲ್ಲಿ ಹಾಕಿಸುವುದು ಸರ್ಕಾರಕ್ಕೆ ದೊಡ್ಡ ಖರ್ಚಿನ ಕೆಲಸವೇನಲ್ಲ. ಅದು ಆಗುವವರೆಗೆ, ಬಸುರಿಯರನ್ನೂ ಬಸಿರು ನಿಲ್ಲುವ ನಿರೀಕ್ಷೆಯಲ್ಲಿರುವವರನ್ನೂ ಔಷಧಿ ಕಲಸುವ, ಬೀಜಕ್ಕೆ ಪುಡಿ ಹಚ್ಚುವ, ಆಗಷ್ಟೇ ಹೊಡೆದ ಹೊಲದಲ್ಲಿ ಕಳೆ ಕೀಳುವ ಕೆಲಸಕ್ಕೆ ಕಳಿಸಬೇಡಿ, ತ್ರಿಕೋನ ಹಸಿರಿದ್ದರೂ ಸರಿ. ಇನ್ನು ನುಂಗುವ ಮಾತ್ರೆಯ ವಿಷಯದಲ್ಲಿ, ವಿಶೇಷವಾಗಿ ಅಪಸ್ಮಾರದ ಮಾತ್ರೆಯ ವಿಷಯದಲ್ಲಿ, ಹೆದರಿ ನೀವಾಗಿ ನಿಲ್ಲಿಸಬೇಡಿ. ಬಸಿರಿನ ಯೋಚನೆ ಬಂದಾಗಲೇ ವೈದ್ಯರನ್ನು ಕೇಳಿ.